ಪರದೆಯ ಅಂಗಿ

"ಬಂದೇಬಿಟ್ಟೆ!" ಎಂದು ಕಣ್ಣಾಮುಚ್ಚಾಲೆ ಆಟದಲ್ಲಿ ಕಣ್ಣು ಬಿಟ್ಟ ದೊಡ್ಡಕ್ಕನಿಗೆ ಈಗ ಮೊಮ್ಮಗಳಿದ್ದಾಳೆ. ಎಷ್ಟೋ ವರ್ಷಗಳ ಮೇಲೆ ಒಂದೇ ಮನೆಯಲ್ಲಿ ಸೇರಿದ್ದ ತಮ್ಮಂದಿರು, ಚಿಕ್ಕಪ್ಪನ ಮಕ್ಕಳೆಲ್ಲ ಮಂಚದಡಿಯಿಂದ, ಬಾಗಿಲ ಮರೆಯಿಂದ ಸೊಂಟ ಹಿಡಿದುಕೊಂಡು ಹೊರಬಂದರು. ಸಿಗದವನು ಕೊನೆಯ ತಮ್ಮನೊಬ್ಬನೇ. ಚಿಕ್ಕಂದಿನಲ್ಲಿ ಯಾವಾಗಲೂ ಮೊದಲು ಸಿಕ್ಕಿಬಿದ್ದು ಗೊಳೋ ಎಂದು ಅಳುತ್ತಿದ್ದವನು, ಈಗ ಹೆಸರುವಾಸಿ ಟೈಲರ್.

ನಡುಮನೆಯ ಒಂದು ಕಿಟಕಿಗೆ ಪರದೆಯೇ ಇರಲಿಲ್ಲ. ಇನ್ನೊಂದರ ಹೂವಿನ ಪರದೆಗೆ ಅಂಟಿಕೊಂಡು ತಮ್ಮ ನಿಂತಿದ್ದ. ಕಾಣೆಯಾದ ಪರದೆಯಲ್ಲೇ ಅಂಗಿ, ಟೋಪಿ ಹೊಲಿದು ತೊಟ್ಟಿದ್ದ. ಕಣ್ಣು ಬಿಗಿಯಾಗಿ ಮುಚ್ಚಿದ್ದರೂ ಹೊಟ್ಟೆ ಮಾತ್ರ ನಗು ತಡೆಯಲಾರದೆ ಕುಲುಕುತ್ತಿತ್ತು.

ದೊಡ್ಡಕ್ಕ ತನ್ನ ನಗು ನುಂಗಿಕೊಂಡಳು. ಪರದೆ ಸರಿಮಾಡುವವಳಂತೆ ಅವನ ಅಂಗಿಯ ಸುಕ್ಕನ್ನು ಮೆಲ್ಲಗೆ ನೀವಿ, ಮನೆಯೆಲ್ಲ ಕೇಳುವಂತೆ ಕೂಗಿದಳು:

"ಸೋತೆ ಕಣೋ ಮರಿ! ಎಲ್ಲಿದ್ದೀಯೋ, ಬಾರೋ ಹೊರಗೆ!"