ಮುಚ್ಚಿದ ಬಾಗಿಲು

ಕೊನೆಯ ವರ್ಷದ ಅನಿಮೇಷನ್‌ಗೆ ಕಾಲೇಜಿನವರು ಕೊಟ್ಟ ವಿಷಯ ಭವಿಷ್ಯ ಮತ್ತು ನಂಬಿಕೆ. ಯತೀಶನ ಚಿತ್ರದಲ್ಲಿ ಹುಡುಗಿಯೊಬ್ಬಳು ಹಣತೆ ಹಿಡಿದು ಎರಡು ನಿಮಿಷ ನಡೆದು, ಮುಚ್ಚಿದ ಬಾಗಿಲೊಂದರ ಮುಂದೆ ನಿಂತಳು. ಅಲ್ಲಿಗೆ ಚಿತ್ರ ಮುಗಿಯಿತು.

"ಬಾಗಿಲು ತೆಗೆಯೋದೇ ಇಲ್ವೇನೋ?" ಮೇಡಂ ಕೇಳಿದರು.

"ಇಲ್ಲ ಮೇಡಂ. ಬಾಗಿಲು ಅಂದ್ರೆ ಭವಿಷ್ಯ. ಒಳಗೇನಿದೆ ಅಂತ ನೋಡಿಬಿಟ್ರೆ ಅದು ನಂಬಿಕೆ ಹೇಗಾಗತ್ತೆ?"

"ಅದು ತೆರೆಯೋದನ್ನ ತೋರಿಸೋಕೆ ಇನ್ನೆಷ್ಟು ಚಿತ್ರ ಬರೀಬೇಕಿತ್ತು?"

"ಒಂದು ಇನ್ನೂರು... ಆದ್ರೆ ಅದಕ್ಕಲ್ಲ ಮೇಡಂ!"

ಮೇಡಂ ನಗಲಿಲ್ಲ. ಚೀಟಿಯೊಂದರಲ್ಲಿ ಏನೋ ಬರೆದು, ಲಕೋಟೆಗೆ ಹಾಕಿ, ಅಂಟಿಸಿ ಕೊಟ್ಟರು.

"ಇದರೊಳಗೆ ನಿನ್ನ ಮಾರ್ಕ್ಸ್ ಇದೆ. ನೂರಕ್ಕೆ ತೊಂಬತ್ತು ಅಂತ ನಂಬ್ಕೊಂಡಿರು. ಸೋಮವಾರ ಒಡೆಯದೆ ಹೀಗೇ ವಾಪಸ್ ತಂದುಕೊಡು."

"ಖಂಡಿತ ಮೇಡಂ! ನಂಬಿಕೆ ಅಂದ್ರೆ ಅದೇ ಅಲ್ವಾ?"

ಯತೀಶ ಲಕೋಟೆಯನ್ನು ಎದೆಗೊತ್ತಿಕೊಂಡು ಹೊರಟ. ಮೊದಲ ಮಹಡಿಯ ಮೆಟ್ಟಿಲು ಇಳಿಯುವಷ್ಟರಲ್ಲಿ ತಡೆಯಲಾಗಲಿಲ್ಲ. ಅತ್ತಿತ್ತ ನೋಡಿ, ಲಕೋಟೆ ಹರಿದು ಚೀಟಿ ತೆಗೆದು ಓದಿದ.

"ನೀನೇ ಬಾಗಿಲು ತೆಗೆದ್ಯಲ್ಲೋ! ಮೂವತ್ತೈದು."