ಮೊದಲ ಪ್ರೂಫು

ಪರದೆ ಸರಿದದ್ದೇ ಸಭೆ ಗೊಳ್ಳೆಂದು ನಕ್ಕಿತು. ಸಾಗರದ ರಾಜ್ಯೋತ್ಸವದ ವೇದಿಕೆಯಲ್ಲಿ ಎರಡು ಮೇಜಿನ ಮೇಲೆ ನಿಲ್ಲಿಸಿದ್ದ ಮರದ ಅಕ್ಷರಗಳೆಲ್ಲ ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಆಗಿದ್ದವು. ಆಫೀಸರುಗಳು ಕ್ಲಬ್ಬಿನಲ್ಲಿ ಕೂತು ಆಡುತ್ತಿದ್ದ, ಬಿಡಿ ಅಕ್ಷರ ಜೋಡಿಸಿ ಪದ ಕಟ್ಟುವ ಆಟವನ್ನು ಈ ಸಲ ಊರೆಲ್ಲ ನೋಡಲೆಂದು ಸ್ಪರ್ಧೆ ಮಾಡಿದ್ದರು. ಅಕ್ಷರ ಕೆತ್ತಿದವನು ಜಟ್ಟಿಂಗಪ್ಪ. ಇಪ್ಪತ್ತು ವರ್ಷದಿಂದ ಪ್ರೆಸ್ಸಿಗೆ ಪೋಸ್ಟರಿನ ಅಚ್ಚು ಕೆತ್ತಿದ ಕೈ ಅವನದು. ಅಚ್ಚು ಉಲ್ಟಾ ಇದ್ದರೆ ತಾನೆ ಕಾಗದದ ಮೇಲೆ ಸರಿಯಾಗಿ ಬೀಳುವುದು? ಇವನ್ನು ಕಾಗದಕ್ಕೆ ಒತ್ತುವುದಿಲ್ಲ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

"ಅಕ್ಷರ ಬೇಕು ಅಂದ್ರು, ಕೆತ್ತಿದೆ," ಎಂದು ಅವನು ಬಾಗಿಲ ಬಳಿಯೇ ನಿಂತು ಹೇಳಿದ.

ಪ್ರೆಸ್ಸಿನ ಯಜಮಾನರೂ ಸಮಿತಿಯ ಅಧ್ಯಕ್ಷರೂ ಆದ ನಾಗರಾಜಪ್ಪ ಬೆವರೊರೆಸಿಕೊಂಡು ಆಟ ನಿಲ್ಲಿಸಲು ಎದ್ದರು. ಹೆಡ್‌ಮಾಸ್ಟರು ವಿಘ್ನೇಶ್ವರ ತಡೆದರು. "ನಿಲ್ಸೋದ್ಯಾಕೆ? ಇಬ್ಬರಿಗೂ ಉಲ್ಟಾನೇ ಅಲ್ವಾ? ಮೂವತ್ತು ವರ್ಷ ಅಕ್ಷರ ಕಲಿಸ್ದೋನು ನಾನು. ನಡೀಲಿ."

ಎದುರಾಳಿ ಕನ್ನಮ್ಮ ಆಗಲೇ ಸೆರಗು ಸಿಕ್ಕಿಸಿಕೊಂಡು ತನ್ನ ಮೇಜಿನ ಮುಂದೆ ನಿಂತಿದ್ದಳು. ಅವಳು ನಾಗರಾಜಪ್ಪನವರ ಪ್ರೆಸ್ಸಿನಲ್ಲಿ ಅಕ್ಷರದ ಸೀಸದ ಅಚ್ಚುಮೊಳೆ ಜೋಡಿಸುವವಳು. ಓದಿದ್ದು ಮೂರನೆಯ ಕ್ಲಾಸು. ಹನ್ನೊಂದು ವರ್ಷ ದಿನವಿಡೀ ನಿಂತು ನಿಂತು ಮೊಣಕಾಲು ಸೋತಿತ್ತು. ಕಿಟಕಿ ಪಕ್ಕದ, ಪ್ರೂಫ್ ನೋಡಿ ತಪ್ಪು ಗುರುತಿಸುವವರ ಕುರ್ಚಿ ಯುಗಾದಿಯಿಂದ ಖಾಲಿ ಬಿದ್ದಿತ್ತು. ಆ ಕೆಲಸ ಕೇಳಿದ್ದಕ್ಕೆ ಯಜಮಾನರು, "ಮೇಷ್ಟ್ರನ್ನ ಆಟದಲ್ಲಿ ಸೋಲಿಸ್ಕೊಂಡು ಬಾ, ಕುರ್ಚಿ ನಿಂದೇ," ಎಂದು ಎಲ್ಲರೆದುರು ನಕ್ಕಿದ್ದರು. ಕನ್ನಮ್ಮ ನಗಲಿಲ್ಲ, ಹೋಗಿ ಸ್ಪರ್ಧೆಗೆ ಹೆಸರು ಕೊಟ್ಟಳು. ಅವಳಿಗೆ ಆ ಕುರ್ಚಿ ಬೇಕೇ ಬೇಕಿತ್ತು.

ಗಂಟೆ ಹೊಡೆಯಿತು. ಮೇಷ್ಟ್ರು ಒಂದು ಮರದ ಅಕ್ಷರ ಎತ್ತಿ ಹಿಂದೆ ಮುಂದೆ ತಿರುಗಿಸಿದರು, ಕತ್ತು ಓರೆ ಮಾಡಿದರು, ಕನ್ನಡಕ ತೆಗೆದು ಒರೆಸಿದರು. ಕನ್ನಮ್ಮನ ಕೈ ಪ್ರೆಸ್ಸಿನಲ್ಲಿ ಓಡುವ ಹಾಗೆಯೇ ಓಡಿತು. ಸೀಸದ ಮೊಳೆಯ ಮೇಲೆ ಅಕ್ಷರ ಎಂದಾದರೂ ನೆಟ್ಟಗಿದ್ದದ್ದುಂಟೆ? ಕೊನೆಗೆ ತೀರ್ಪುಗಾರರು ನಾಟಕದವರ ಬಣ್ಣದ ಕೋಣೆಯಿಂದ ಕನ್ನಡಿ ತರಿಸಿ, ಅದರಲ್ಲಿ ನೋಡಿ ಓದಿದರು. ಕನ್ನಮ್ಮನದು ಹದಿನಾರು ಪದ, ಒಂದೂ ತಪ್ಪಿಲ್ಲ. ಮೇಷ್ಟ್ರದು ಮೂರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾಗರಾಜಪ್ಪ ಒಣನಗೆ ನಕ್ಕು, "ನಾಳೆಯಿಂದ ಕುರ್ಚಿ ನಿಂದು," ಎಂದರು. ಸುರುಳಿ ಸುತ್ತಿದ ಪ್ರಶಸ್ತಿಪತ್ರ ಕೊಡುವಾಗ ಮಾತ್ರ ಬಗ್ಗಿ ಪಿಸುಗುಟ್ಟಿದರು: "ಇಲ್ಲಿ ಬಿಚ್ಚಬೇಡ."

ಮರುದಿನ ಕನ್ನಮ್ಮ ಕುರ್ಚಿಯಲ್ಲಿ ಕೂತು ಸುರುಳಿ ಬಿಚ್ಚಿದಳು. 'ಪ್ರಥಮ ಬಹುಮಾನ ಗಳಿಸಿದ ಶ್ರೀ ವಿಘ್ನೇಶ್ವರ ಅವರಿಗೆ' ಎಂದು ಅಚ್ಚಾಗಿತ್ತು.

"ಇದು ಯಾವಾಗ ಅಚ್ಚಾಗಿದ್ದು ಯಜಮಾನ್ರೇ?"

"ಹೋದ ವಾರ," ನಾಗರಾಜಪ್ಪ ಕಿಟಕಿಯಾಚೆ ನೋಡಿದರು. "ಹೆಂಗೂ ಅವ್ರೇ ಗೆಲ್ತಾರೆ ಅಂತ... ನಿಂಗೆ ಕಾಣೋದು ಬೇಡ ಅಂತ ನಾನೇ ಮೊಳೆ ಜೋಡಿಸಿದ್ದೆ."

ಕನ್ನಮ್ಮ ಲೇಖನಿಯನ್ನು ಕೆಂಪು ಶಾಯಿಯಲ್ಲಿ ಅದ್ದಿದಳು. ಮೇಷ್ಟ್ರ ಹೆಸರಿನ ಮೇಲೆ ಒಂದು ಗೆರೆ ಎಳೆದು, ಅಂಚಿನಲ್ಲಿ ತನ್ನ ಹೆಸರು ಬರೆದು, ಹಾಳೆಯನ್ನು ಅವರತ್ತ ಚಾಚಿದಳು.

"ಮೊದಲ್ನೇ ಪ್ರೂಫ್ ನೋಡಾಯ್ತು ಯಜಮಾನ್ರೇ. ಜೋಡಿಸಿದ್ದು ನೀವೇ ಅಲ್ವಾ, ತಿದ್ದಿ ತನ್ನಿ."