ಕೊಂಬಿನ ಹುಳ, ಬೋಳು ಹುಳ

ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ಯಾರೊಂದಿಗಾದರೂ ವಾದಕ್ಕೆ ನಿಲ್ಲಬೇಕೆನಿಸುತ್ತದೆ.

ನಾನು ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ ಆ ವಾಸನೆ ಬಂದದ್ದು ಹುಳಗಳನ್ನು ಗುರುತಿಸಲು ಬಂದಿದ್ದ ಕಾಲೇಜು ಮೇಷ್ಟ್ರ ಪೆಟ್ಟಿಗೆಯಿಂದ. ಜವನಗೊಂಡನಹಳ್ಳಿಯ ಹತ್ತಿರ, ನಮ್ಮ ಕುರಿರೊಪ್ಪದ ಮುಂದೆ ಅವರು ಎರಡು ಸಗಣಿ ಹುಳಗಳನ್ನು ನನ್ನ ಅಂಗೈಗೆ ಬಿಟ್ಟರು. ಒಂದರ ತಲೆಯ ಮೇಲೆ ಕೊಂಬಿತ್ತು, ಇನ್ನೊಂದು ಬೋಳು. ಗರಗಸದಂಥ ಕಾಲುಗಳು ಚರ್ಮವನ್ನು ಗೀರುತ್ತಿದ್ದವು.

"ಇವೆರಡೂ ಬೇರೆ ಬೇರೆ ಜಾತಿ" ಅಂದರು.

"ಅಲ್ಲ ಸಾರ್, ಕೊಂಬಿಂದು ಗಂಡು, ಬೋಳು ಹೆಣ್ಣು. ಎರಡೂ ಸೇರಿ ಒಂದೇ ಬಿಲಕ್ಕೆ ಹಿಕ್ಕೆ ಇಳಿಸ್ತಾವೆ. ನಮ್ ತಾತನೇ ತೋರ್ಸಿದ್ದು."

ಮೇಷ್ಟ್ರು ಖುಷಿಯಾಗಿ ಪುಸ್ತಕ ತೆರೆದರು. "ಎಲ್ಲಿ ನೋಡಿದೆ ಹೇಳು, ಬರ್ಕೊಳ್ತೀನಿ."

ಪುರಾವೆ ಕೇಳಿದರೆ ಬಿಡುವವಳೇ ನಾನು? "ಬೇಲಿ ಒಳಗಿನ ಸರ್ಕಾರಿ ಹುಲ್ಲಿನ ಕಾವಲ್ನಾಗೆ ಸಾರ್. ದಿನಾ ಕುರಿ ಹೊಡ್ಕಂಡು ಹೋಗ್ತೀವಲ್ಲ, ಅಲ್ಲಿ."

ಮೇಷ್ಟ್ರ ಜೊತೆ ಬಂದಿದ್ದ ಕಾವಲಿನ ಗಾರ್ಡು ರೊಪ್ಪದ ಬಾಗಿಲಲ್ಲಿ ನಿಂತಿದ್ದ ತಾತನ ಕಡೆ ತಿರುಗಿದ. "ಏನಪ್ಪ, ಬೇಲಿ ಹಾಕಿದ್ಮೇಲೆ ಒಂದು ಕುರಿನೂ ಒಳಗೆ ಬಿಟ್ಟಿಲ್ಲ ಅಂತಿದ್ದಲ್ಲ?"

ತಾತ ನನ್ನ ಮುಖ ನೋಡಲಿಲ್ಲ. "ಇದ್ರ ಮಾತೇನ್ ಕೇಳ್ತೀರಿ ಸಾರ್, ಹುಟ್ಟಾ ಸುಳ್ಳುಬುರ್ಕಿ. ಎರಡು ಜಾತಿನೇ ಅವೆ, ಬರ್ಕಳ್ರಿ."

ಗಾರ್ಡು ನಕ್ಕ. ಮೇಷ್ಟ್ರು ಬರೆದದ್ದನ್ನು ಹೊಡೆದುಹಾಕಿ, ಹುಳಗಳನ್ನು ಬೇರೆ ಬೇರೆ ಸೀಸೆಗೆ ಹಾಕಿಕೊಂಡರು.

ಅವರು ಹೋದ ಮೇಲೆ ತಾತ ಬೆಲ್ಲದ ಚೂರು ಚಾಚಿದ. ನಾನು ಮುಟ್ಟಲಿಲ್ಲ.

"ನಾನು ಹೇಳಿದ್ರಾಗೆ ಯಾವ್ದು ಸುಳ್ಳು? ಒಂದು ತೋರ್ಸು."

ತಾತ ರೊಪ್ಪದ ಬಾಗಿಲು ತೆಗೆದು ಕುರಿಗಳನ್ನು ಕಾವಲು ಬಿಟ್ಟು ಹುಲ್ಲಿಲ್ಲದ ದಿಣ್ಣೆಯ ಕಡೆ ಹೊಡೆದ. ದಿನವೂ "ಬಾರೇ, ಹೋಗಾಣ" ಅನ್ನುತ್ತಿದ್ದವನು ಅಂದು ನನ್ನನ್ನು ಕರೆಯಲಿಲ್ಲ.